ಐವತ್ತು ವರ್ಷದಿಂದ ಅದೇ ಚಡ್ಡಿ, ಅದೇ ಗಿಟಾರು. ನಾನ್ಯಾಕೆ ಪ್ಯಾಕೆಟ್ ಬದಲಿಸಬೇಕು?

ಪ್ರಶ್ನೆ: ಹಾಸನದ ಕಡೆ ನಮ್ಮದು ಕಾಫಿ ಪುಡಿ ವ್ಯಾಪಾರ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಹಸಿರು ಪ್ಯಾಕೆಟ್, ಅದರ ಮೇಲೆ ಕೆಂಪು ಪಟ್ಟಿ, ನಡುವೆ ಹಿತ್ತಾಳೆ ಫಿಲ್ಟರಿನ ಚಿತ್ರ. ಈಗ ಜಾಹೀರಾತು ನೋಡಿಕೊಳ್ಳುವ ಹುಡುಗರು ಬಂದು, ಇದೆಲ್ಲ ಹಳೇದಾಯ್ತು ಸರ್, ಪ್ಯಾಕೆಟ್ಟು, ಲೋಗೋ, ಸ್ಲೋಗನ್ ಎಲ್ಲಾ ಬದಲಿಸೋಣ, ಇನ್‌ಸ್ಟಾಗ್ರಾಮಿಗೆ ತಿಂಗಳಿಗೊಂದು ಹೊಸ ಲುಕ್ ಬೇಕು ಅನ್ನುತ್ತಿದ್ದಾರೆ. ನನ್ನ ಮಗನಿಗೆ ಎಸಿ/ಡಿಸಿ ಬ್ಯಾಂಡಿನ ಹುಚ್ಚು. ಅವರು ಐವತ್ತು ವರ್ಷದಿಂದ ಒಂದೇ ಥರ ಬಾರಿಸ್ತಿದ್ದಾರೆ, ಜನ ಇನ್ನೂ ದುಡ್ಡು ಕೊಟ್ಟು ಹೋಗ್ತಿದ್ದಾರೆ, ನೀವ್ಯಾಕೆ ಬದಲಿಸ್ತೀರಿ ಅಂತ ಅವನು. ರಾಕ್ ಬ್ಯಾಂಡಿಗೂ ಕಾಫಿ ಪುಡಿಗೂ ಏನಾದರೂ ಸಂಬಂಧ ಇದೆಯಾ? ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಮಗನ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಭಾಗದಲ್ಲಿ ಆ ಹುಡುಗರದ್ದೂ ಒಂದಿಷ್ಟು ನ್ಯಾಯ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಎಸಿ/ಡಿಸಿಯಿಂದಲೇ ಶುರು ಮಾಡೋಣ. 1973ರಲ್ಲಿ ಸಿಡ್ನಿಯಲ್ಲಿ ಮಾಲ್ಕಮ್ ಯಂಗ್ ಮತ್ತು ಅವರ ತಮ್ಮ ಆಂಗಸ್ ಯಂಗ್ ಕಟ್ಟಿದ ಬ್ಯಾಂಡ್ ಅದು. ಆಂಗಸ್ ವೇದಿಕೆಗೆ ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ಬರುತ್ತಾರೆ: ಚಡ್ಡಿ, ಕೋಟು, ಟೈ, ತಲೆ ಮೇಲೊಂದು ಟೋಪಿ. ಇಪ್ಪತ್ತರ ಹುಡುಗ ಆಗಿದ್ದಾಗಲೂ ಹಾಗೇ ಬರುತ್ತಿದ್ದರು, ಎಪ್ಪತ್ತರ ಅಂಚಿನಲ್ಲೂ ಹಾಗೇ ಬಂದರು. ಆದರೆ ಈ ಕಥೆ ಹೇಳುವಾಗ ಎಲ್ಲರೂ ಒಂದು ಭಾಗ ಬಿಟ್ಟುಬಿಡುತ್ತಾರೆ. ಯೂನಿಫಾರ್ಮೇ ಅವರ ಮೊದಲ ವೇಷ ಅಲ್ಲ. ಶುರುವಿನಲ್ಲಿ ಗೊರಿಲ್ಲಾ ಆಗಿ, ಜೋರೋ ಆಗಿ, ಸ್ಪೈಡರ್‌ಮ್ಯಾನ್ ಆಗಿ, ಸೂಪರ್‌ಮ್ಯಾನನ್ನು ಅಣಕಿಸುವ ವೇಷದಲ್ಲಿ, ಹೀಗೆ ಏನೇನೋ ಆಗಿ ಕುಣಿದಿದ್ದಾರೆ. ಯೂನಿಫಾರ್ಮ್ ಹಾಕ್ಕೊ ಅಂತ ಹೇಳಿದ್ದು ಅಕ್ಕ ಮಾರ್ಗರೆಟ್. ಅಂದಹಾಗೆ ಬ್ಯಾಂಡಿನ ಹೆಸರೂ ಅದೇ ಅಕ್ಕನಿಗೆ ಹೊಲಿಗೆ ಯಂತ್ರದ ಮೇಲೆ ಕಂಡಿದ್ದು. ಯಾವ ಕನ್ಸಲ್ಟೆಂಟಿಗೂ ಒಂದು ಕಾಸು ಕೊಡದೆ ಮನೆಯೊಳಗೇ ಸಿಕ್ಕ ಎರಡು ಗುರುತುಗಳು, ಇವತ್ತು ಲೋಕದ ಯಾವ ಮೂಲೆಯಲ್ಲಿ ತೋರಿಸಿದರೂ ಜನ ಹೆಸರು ಹೇಳುತ್ತಾರೆ.

ಅಂದರೆ ಮೊದಲು ನಾಲ್ಕಾರು ವೇಷ ಹಾಕಿ ನೋಡಿದರು. ಜನರ ಕಣ್ಣು ಯಾವುದರ ಮೇಲೆ ನಿಂತಿತೋ ಅದನ್ನು ಹಿಡಿದುಕೊಂಡರು. ಹಿಡಿದ ಮೇಲೆ ಬಿಡಲಿಲ್ಲ. ನಿಮ್ಮಪ್ಪ ಹಸಿರು ಪ್ಯಾಕೆಟ್ ಯಾಕೆ ಆರಿಸಿದರೋ ನೀವು ಬರೆದಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನವರ ಹತ್ತಿರ ಆವತ್ತು ಅದೇ ಬಣ್ಣ ಅಗ್ಗಕ್ಕೆ ಸಿಕ್ಕಿರಬಹುದು. ಪರವಾಗಿಲ್ಲ. ಗುರುತು ಹುಟ್ಟೋದು ಹೇಗೆ ಅನ್ನೋದು ದೊಡ್ಡ ವಿಷಯವೇ ಅಲ್ಲ, ಅದು ಎಷ್ಟು ವರ್ಷ ಒಂದೇ ಜಾಗದಲ್ಲಿ ನಿಂತಿತು ಅನ್ನೋದು ವಿಷಯ.

ಈಗ ಆ ಬ್ಯಾಂಡಿಗೆ ಬಂದ ದೊಡ್ಡ ಪರೀಕ್ಷೆ ನೋಡಿ. 1980ರ ಫೆಬ್ರವರಿ 19ರಂದು ಅವರ ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡರು. ಹಾಡುಗಾರ ಹೋದ ಮೇಲೆ ಬ್ಯಾಂಡ್ ಮುಗೀತು ಅಂತಲೇ ಲೆಕ್ಕ, ಅಲ್ವಾ? ಇವರು ಇಂಗ್ಲೆಂಡಿನ ನ್ಯೂಕ್ಯಾಸಲ್ ಕಡೆಯ ಬ್ರಯಾನ್ ಜಾನ್ಸನ್ ಅವರನ್ನು ಕರೆದುಕೊಂಡರು. ಅದೇ ವರ್ಷ ಜುಲೈ 25ಕ್ಕೆ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಂ ಹೊರಗೆ ಬಂತು, ಆರು ತಿಂಗಳೂ ಆಗುವ ಮೊದಲೇ. ಇವತ್ತಿಗೂ ಲೋಕದಲ್ಲಿ ಅತಿ ಜಾಸ್ತಿ ಮಾರಾಟವಾದ ಆಲ್ಬಂಗಳ ಸಾಲಿನಲ್ಲಿ ಅದು ಮೇಲಿದೆ. ಜಾಹೀರಾತಿನವನ ಕಣ್ಣಿಂದ ನೋಡಿದರೆ ಇಲ್ಲಿ ನಡೆದಿದ್ದೇನು? ಬದಲಾದದ್ದು ಒಂದೇ ಒಂದು, ಧ್ವನಿ. ಅದು ಸಣ್ಣ ಬದಲಾವಣೆ ಅಲ್ಲ, ಆದರೆ ಒಂದೇ. ಮಾಲ್ಕಮ್ ಅವರ ರಿದಂ ಗಿಟಾರ್ ಅದೇ, ನಾಲ್ಕು ಪೆಟ್ಟಿನ ಡ್ರಮ್ ಅದೇ, ಚಡ್ಡಿ ಅದೇ, 1977ರಲ್ಲಿ ಜೆರಾರ್ಡ್ ಹ್ಯೂರ್ಟಾ ಬರೆದುಕೊಟ್ಟ, ನಡುವೆ ಮಿಂಚು ಇರುವ ಆ ಚೂಪು ಅಕ್ಷರಗಳೂ ಅವೇ. ಸತ್ತ ಗೆಳೆಯನ ನೆನಪಿಗೆ ಕವರ್ ಪೂರ್ತಿ ಕಪ್ಪು. ಮೊದಲ ಹಾಡು ಶುರುವಾಗೋದು ದೊಡ್ಡ ಗಂಟೆಯ ಸದ್ದಿನಿಂದ. ಅದಕ್ಕಾಗಿ ಇಂಗ್ಲೆಂಡಿನ ಲಫ್‌ಬರೋದ ಗಂಟೆ ಕಾರ್ಖಾನೆಯಲ್ಲಿ ಸುಮಾರು ಒಂದು ಟನ್ ತೂಕದ ಗಂಟೆ ಮಾಡಿಸಿದರು. ಆ ಗಂಟೆ ಅಲ್ಲಿಗೇ ನಿಲ್ಲಲಿಲ್ಲ, ಮುಂದೆ ಟೂರುಗಳಲ್ಲೂ ವೇದಿಕೆ ಮೇಲೆ ಗಂಟೆ ತೂಗಿತು. ದುಃಖಕ್ಕೆ ಅಂತ ಬಂದದ್ದು ಗುರುತಾಗಿ ಉಳಿಯಿತು. ಮರುವರ್ಷ ವೇದಿಕೆಗೆ ಫಿರಂಗಿ ಬಂತು, ಅದೂ ಉಳಿಯಿತು. ಹಳೇದನ್ನು ಕಿತ್ತು ಹೊಸದು ಹಾಕಲಿಲ್ಲ. ಹಳೇದರ ಪಕ್ಕಕ್ಕೆ ಹೊಸದನ್ನು ಸೇರಿಸಿದರು.

ನೀವು ಎಲ್ಲ ಆಲ್ಬಂಗಳನ್ನೂ ಒಂದೇ ಥರ ಮಾಡ್ತೀರಿ ಅಂತ ಪತ್ರಿಕೆಯವರು ಚುಚ್ಚಿದಾಗ ಆಂಗಸ್ ಅದನ್ನೇ ತಮಾಷೆ ಮಾಡಿಕೊಂಡು ಒಪ್ಪಿಕೊಳ್ಳುತ್ತಿದ್ದರು. ಇಷ್ಟು ಧೈರ್ಯ ನಾನು ಕಂಡ ಯಾವ ಮಾರ್ಕೆಟಿಂಗ್ ಮ್ಯಾನೇಜರಿಗೂ ಇಲ್ಲ. ಹೊಸ ಮ್ಯಾನೇಜರ್ ಬಂದ ತಕ್ಷಣ ಮೊದಲ ಕೆಲಸ ಹಳೇ ಜಾಹೀರಾತು ತೆಗೆಸೋದು. ಯಾಕೆಂದರೆ ಹಿಂದಿನವರು ಮಾಡಿದ್ದನ್ನೇ ಮುಂದುವರಿಸಿದರೆ ಬಡ್ತಿ ಯಾರು ಕೊಡ್ತಾರೆ?

ಇಲ್ಲಿ ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೆ. ಬೇಜಾರು ಯಾರಿಗೆ ಆಗಿದೆ ಅಂತ ಮೊದಲು ನೋಡಿ. ನಿಮ್ಮ ಪ್ಯಾಕೆಟ್ಟನ್ನು ನೀವು ದಿನಾ ನೋಡುತ್ತೀರಿ, ಗೋಡೌನಿನಲ್ಲಿ ಸಾವಿರಗಟ್ಟಲೆ. ಏಜೆನ್ಸಿ ಹುಡುಗರು ವಾರವಿಡೀ ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಾರೆ. ಕಾಫಿ ಕುಡಿಯುವ ಮನೆಯವರು ಅಂಗಡಿಯಲ್ಲಿ ತಿಂಗಳಿಗೆ ಒಂದೋ ಎರಡೋ ಸಲ, ಅದೂ ಎರಡು ಸೆಕೆಂಡು ನೋಡುತ್ತಾರೆ, ಕೈ ಚಾಚುತ್ತಾರೆ, ಹೋಗುತ್ತಾರೆ. ನಿಮಗೆ ಸಾಕಪ್ಪಾ ಅನ್ನಿಸುವ ಹೊತ್ತಿಗೆ ಅವರಿಗೆ ಅದು ಆಗಷ್ಟೇ ಗುರುತಾಗಿರುತ್ತದೆ, ಪಕ್ಕದ ತಾಲೂಕಿನವರಿಗೆ ಇನ್ನೂ ಗುರುತೇ ಆಗಿರಲ್ಲ.

ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದರು. ಅವರ ಬ್ಯಾಂಡಿಗೆ ಆಗಲೇ ನಲವತ್ತು ವರ್ಷ ಆಗಿತ್ತು. ಅರವತ್ತರ ದಶಕದ ಆ ಹಾಡುಗಳನ್ನು ಅವರು ಎಷ್ಟು ಸಾವಿರ ಸಲ ನುಡಿಸಿದ್ದರೋ. ಆದರೆ ಮೈದಾನದಲ್ಲಿ ನಿಂತಿದ್ದವರಲ್ಲಿ ಹೆಚ್ಚಿನವರಿಗೆ ಅವರನ್ನು ಕಣ್ಣಾರೆ ಕಾಣೋದು ಅದೇ ಮೊದಲು. ಆ ಹಳೇ ಹಾಡೆಲ್ಲ ನಮಗೆ ಬೋರಾಗಿದೆ, ಇವತ್ತು ಬರೀ ಹೊಸದು ಅಂದಿದ್ದರೆ ಬೆಂಗಳೂರಿನವರು ಸುಮ್ನೆ ಬಿಡುತ್ತಿದ್ದರಾ? ಹಳೆಯ ಬ್ಯಾಂಡುಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ತಮಗೆ ಸಾವಿರದ ಸಲ ಆದದ್ದು ಎದುರಿಗಿರುವವರಿಗೆ ಮೊದಲ ಸಲ.

ಸ್ಟೋನ್ಸ್ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಜಾಹೀರಾತಿನ ಮಟ್ಟಿಗೆ ಎಸಿ/ಡಿಸಿಗಿಂತ ಅವರೇ ಚಾಲಾಕಿ. ನಾಲಿಗೆ ಚಾಚಿದ ಆ ಕೆಂಪು ತುಟಿಯ ಲೋಗೋ ನೀವೂ ಟೀ ಶರ್ಟುಗಳ ಮೇಲೆ ನೋಡಿರುತ್ತೀರಿ, ಹಾಕಿಕೊಂಡ ಹುಡುಗರಲ್ಲಿ ಅರ್ಧ ಜನಕ್ಕೆ ಬ್ಯಾಂಡಿನ ಹೆಸರೂ ಗೊತ್ತಿರಲ್ಲ. 1970ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದುತ್ತಿದ್ದ ಜಾನ್ ಪಾಶ್ ಅದನ್ನು ಬರೆದದ್ದು. ಬ್ಯಾಂಡಿನ ಹಾಡುಗಾರ ಮಿಕ್ ಜಾಗರ್ ಪಾಶ್‌ಗೆ ಮಾದರಿಯಾಗಿ ತೋರಿಸಿದ್ದು ನಮ್ಮ ಕಾಳಿಯ ಚಿತ್ರ! ಆಗ ಕೊಟ್ಟ ಸಂಭಾವನೆ 50 ಪೌಂಡ್. 2008ರಲ್ಲಿ ಆ ಮೂಲ ಚಿತ್ರವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಹರಾಜಿನಲ್ಲಿ 92,500 ಡಾಲರ್ ಕೊಟ್ಟು ಕೊಂಡಿತು. 1971ರಿಂದ ಇವತ್ತಿನವರೆಗೂ ಆ ನಾಲಿಗೆ ಹೋಗಿಲ್ಲ. ಆದರೆ ಅದು ಹಾಗೇ ಕೂತೂ ಇಲ್ಲ, ಟೂರಿಗೊಂದು ಬಣ್ಣ, ಟೂರಿಗೊಂದು ಉಡುಗೆ. 2023ರಲ್ಲಿ ಹದಿನೆಂಟು ವರ್ಷಗಳ ಮೇಲೆ ಸ್ವಂತ ಹಾಡುಗಳ ಆಲ್ಬಂ ತಂದಾಗ ಒಡೆದ ಗಾಜಿನ ಚೂರುಗಳಲ್ಲಿ ಅದೇ ನಾಲಿಗೆ ಮಾಡಿದರು. ನೋಡಿದ ಕೂಡಲೇ ಹೊಸದೇನೋ ಬಂದಿದೆ ಅಂತಲೂ ಗೊತ್ತಾಯಿತು, ಯಾರದ್ದು ಅಂತಲೂ ಗೊತ್ತಾಯಿತು.

ಇದೆಲ್ಲ ತಾನಾಗೇ ಆದದ್ದು ಅಂದುಕೊಳ್ಳಬೇಡಿ. ಆ ಬ್ಯಾಂಡಿನ ಡ್ರಮ್ಮರ್ ಚಾರ್ಲಿ ವಾಟ್ಸ್ ಅಲ್ಲಿಗೆ ಬರುವ ಮುಂಚೆ ಲಂಡನ್ನಿನ ಜಾಹೀರಾತು ಏಜೆನ್ಸಿಯೊಂದರಲ್ಲಿ ಗ್ರಾಫಿಕ್ ಡಿಸೈನರ್. ಆಮೇಲೆ ಟೂರುಗಳ ವೇದಿಕೆ ಹೇಗಿರಬೇಕು ಅಂತ ತೀರ್ಮಾನಿಸುವಾಗ ಜಾಗರ್ ಜೊತೆ ಕೂರುತ್ತಿದ್ದವರೂ ಅವರೇ. 1963ರಿಂದ 2021ರಲ್ಲಿ ಸಾಯುವವರೆಗೆ ಅದೇ ಡ್ರಮ್ಮಿನ ಹಿಂದೆ.

ನಾಲಿಗೆ ಅದೇ, ಬಣ್ಣ ಬೇರೆ. ನಿಮ್ಮ ಹುಡುಗರಿಗೆ ಕೊಡಬೇಕಾದ ಕೆಲಸ ಇದು. ಅವರದ್ದೂ ಒಂದಿಷ್ಟು ನ್ಯಾಯ ಇದೆ ಅಂದೆನಲ್ಲ, ಅದು ಇಲ್ಲಿದೆ. ಹೊಸದು ಖಂಡಿತ ಬೇಕು. ಪ್ರತಿ ತಿಂಗಳೂ ಅದೇ ಪ್ಯಾಕೆಟ್ಟಿನ ಅದೇ ಫೋಟೋ ಹಾಕಿದರೆ ಯಾರೂ ನಿಂತು ನೋಡಲ್ಲ. ನಮ್ಮ ದೇಶದಲ್ಲೇ ಅಮುಲ್ ಹುಡುಗಿ 1966ರಿಂದ ಅದೇ ಚುಕ್ಕಿ ಫ್ರಾಕು, ಅದೇ ನೀಲಿ ಕೂದಲು. ಹೋರ್ಡಿಂಗಿನ ಮೇಲಿನ ಸುದ್ದಿ ಮಾತ್ರ ಆಗಾಗ ಬೇರೆ. ಕ್ರಿಕೆಟ್ಟೋ, ಚುನಾವಣೆಯೋ, ಹೊಸ ಸಿನಿಮಾವೋ, ಏನು ಬಂದರೂ ಹುಡುಗಿ ಅದರೊಳಗೆ ಹೊಕ್ಕುತ್ತಾಳೆ. ಐರನ್ ಮೇಡನ್ ಬ್ಯಾಂಡಿನ ಎಡ್ಡಿ ಅನ್ನುವ ಅಸ್ಥಿಪಂಜರದಂಥ ಬೊಂಬೆಯೂ ಹೀಗೇ. ಡೆರೆಕ್ ರಿಗ್ಸ್ ಬರೆದ ಆ ಮುಖ 1980ರಿಂದ ಪ್ರತಿ ಆಲ್ಬಂ ಕವರಿನಲ್ಲೂ ಇದೆ, 1984ರಲ್ಲಿ ಈಜಿಪ್ಟಿನ ದೊರೆ, 2021ರಲ್ಲಿ ಸಮುರಾಯ್. ಅಭಿಮಾನಿಗಳು ಹೊಸ ಹಾಡಿಗೆ ಕಾಯುವಷ್ಟೇ ಈ ಸಲ ಎಡ್ಡಿ ಯಾವ ವೇಷದಲ್ಲಿ ಬರ್ತಾನೆ ಅಂತಲೂ ಕಾಯುತ್ತಾರೆ.

ಆದರೆ ಐರನ್ ಮೇಡನ್ ಕಥೆಯಲ್ಲಿ ಇನ್ನೊಂದು ತಿರುವು ಇದೆ, ಅದನ್ನು ಹೇಳದೆ ಬಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. 1993ರಲ್ಲಿ ಹಾಡುಗಾರ ಬ್ರೂಸ್ ಡಿಕಿನ್ಸನ್ ಬ್ಯಾಂಡ್ ಬಿಟ್ಟರು. ಬೇರೆ ಹಾಡುಗಾರರು ಬಂದರು. ಎಡ್ಡಿ ಇದ್ದ, ಲೋಗೋದ ಅಕ್ಷರ ಹೆಚ್ಚುಕಡಿಮೆ ಅದೇ ಇತ್ತು, ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್ ಇದ್ದರು. ಹಾಗಿದ್ದರೂ ಜನ ಕಡಿಮೆಯಾದರು, ಅಮೆರಿಕದಲ್ಲಿ ಸಣ್ಣ ಸಣ್ಣ ಜಾಗಗಳಲ್ಲಿ ನುಡಿಸುವ ಸ್ಥಿತಿ ಬಂತು. 1999ರಲ್ಲಿ ಡಿಕಿನ್ಸನ್ ವಾಪಸ್ ಬಂದ ಮೇಲೆ ಮತ್ತೆ ದೊಡ್ಡ ಮೈದಾನಗಳು ತುಂಬಿದವು. 2007ರ ಮಾರ್ಚಿನಲ್ಲಿ ಬೆಂಗಳೂರಿಗೆ ಬಂದದ್ದು ಆ ಎರಡನೇ ಸುತ್ತಿನಲ್ಲೇ. ಎಸಿ/ಡಿಸಿಗೆ ಹಾಡುಗಾರ ಬದಲಾದರೂ ನಡೆಯಿತು, ಇವರಿಗೆ ನಡೆಯಲಿಲ್ಲ. ಯಾಕೆ? ನನಗೆ ಕಾಣುವುದು ಇಷ್ಟು: ಎಸಿ/ಡಿಸಿ ಅಂದರೆ ಜನರಿಗೆ ಮೊದಲು ಗಿಟಾರಿನ ಹೊಡೆತ. ಐರನ್ ಮೇಡನ್ ಅಂದರೆ ಆ ಎತ್ತರದ ಕಂಠ. ಜನ ಯಾವುದಕ್ಕೆ ಬರುತ್ತಾರೋ ಅದನ್ನು ಮುಟ್ಟಿದರೆ ಲೋಗೋ ಕಾಪಾಡಲ್ಲ.

ನಿಮ್ಮ ವ್ಯಾಪಾರದಲ್ಲಿ ಆ ಕಂಠ ಯಾವುದು ಅಂತ ನಿಮಗೇ ಗೊತ್ತು, ಬ್ಲೆಂಡ್. ಕಾಫಿ ಬೀಜದ ರೇಟು ಏರಿದಾಗ ಚಿಕೋರಿ ಸ್ವಲ್ಪ ಜಾಸ್ತಿ ಹಾಕೋಣ ಅನ್ನಿಸುತ್ತದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇದ್ದರೆ ಸಾಕು, ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು, ಅಷ್ಟೇ. ಹಾಗಾಗಿ 80:20 ಇದ್ದದ್ದು 70:30 ಆದರೆ ಯಾವ ಅಧಿಕಾರಿಯೂ ಬಾಗಿಲು ಬಡಿಯಲ್ಲ. ಬೆಳಿಗ್ಗೆ ಆರಕ್ಕೆ ಡಿಕಾಕ್ಷನ್ ಇಳಿಸುವ ಅಜ್ಜಿಗೆ ಮಾತ್ರ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ. ಹುರಿಯುವವರು ಬದಲಾದರೂ ಗೊತ್ತಾಗುತ್ತದೆ. ನೀವು ಜಾಹೀರಾತಿನ ಬಗ್ಗೆ ಕೇಳಿದ್ದೀರಿ, ನಾನು ಬ್ಲೆಂಡ್ ಬಗ್ಗೆ ಹೇಳುತ್ತಿದ್ದೇನೆ, ಗೊತ್ತು. ಆದರೆ ರೇಟು ಏರಿದ ವರ್ಷ ಬ್ಲೆಂಡಿಗೆ ಕೈ ಹಾಕಿ, ಅದನ್ನು ಮುಚ್ಚೋಕೆ ಹೊಸ ಪ್ಯಾಕೆಟ್ ತಂದ ಕಂಪನಿಗಳನ್ನು ಸಾಕಷ್ಟು ನೋಡಿದ್ದೇನೆ. ಪ್ಯಾಕೆಟ್ ಹೊಸದಾದ ತಕ್ಷಣ ಜನ ರುಚಿಯನ್ನು ಇನ್ನಷ್ಟು ಗಮನ ಕೊಟ್ಟು ನೋಡುತ್ತಾರೆ. ಅವರ ಉಪಾಯ ಅವರಿಗೇ ತಿರುಗಿತು.

ಎಲ್ಲಾ ಒಟ್ಟಿಗೆ ಬದಲಿಸೋಣ ಅನ್ನುವವರಿಗೆ ತೋರಿಸಬೇಕಾದ್ದು ಟ್ರಾಪಿಕಾನಾ. ಅಮೆರಿಕದ ಕಿತ್ತಳೆ ರಸದ ಬ್ರ್ಯಾಂಡು, ಆಗ ಪೆಪ್ಸಿಕೋ ಕೈಯಲ್ಲಿತ್ತು. ಕಿತ್ತಳೆ ಹಣ್ಣಿಗೇ ಸ್ಟ್ರಾ ಚುಚ್ಚಿದ ಚಿತ್ರ ಅವರ ಡಬ್ಬದ ಮೇಲೆ ವರ್ಷಗಟ್ಟಲೆ ಇತ್ತು. 2009ರ ಜನವರಿಯಲ್ಲಿ ಅದನ್ನು ತೆಗೆದು ಗಾಜಿನ ಲೋಟದ ಚಿತ್ರ ಹಾಕಿದರು, ಅಕ್ಷರ ಬದಲಿಸಿದರು, ಹೆಸರನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರು, ಮುಚ್ಚಳವನ್ನೂ ಬಿಡಲಿಲ್ಲ. ಎರಡು ತಿಂಗಳೊಳಗೆ ಮಾರಾಟ 20% ಬಿತ್ತು. ಫೆಬ್ರವರಿಯಲ್ಲೇ ಹಳೇ ಡಬ್ಬ ವಾಪಸ್ ತರುತ್ತೇವೆ ಅಂತ ಹೇಳಬೇಕಾಯಿತು. ಒಳಗಿನ ರಸ ಒಂದು ಹನಿಯೂ ಬದಲಾಗಿರಲಿಲ್ಲ. ಜನರಿಗೆ ಕೋಪ ಬಂದಿತ್ತು, ಪತ್ರ ಬರೆದರು ಅಂತೆಲ್ಲ ಆಗ ಸುದ್ದಿಯಾಯಿತು, ಆದರೆ ನನ್ನ ಲೆಕ್ಕದಲ್ಲಿ ಕೋಪಕ್ಕಿಂತ ದೊಡ್ಡ ನಷ್ಟ ಕಣ್ತಪ್ಪಿನದು. ಮೀಸೆ ತೆಗೆದು, ಕನ್ನಡಕ ಬದಲಿಸಿ, ಊರಿಗೆ ಬಂದ ನೆಂಟನ ಪಕ್ಕದಲ್ಲೇ ನಾವು ಹಾದು ಹೋಗಲ್ವಾ, ಹಾಗೆ ಗಿರಾಕಿಗಳು ಆ ಡಬ್ಬದ ಮುಂದೆ ಹಾದು ಹೋದರು.

ಮೆಟಾಲಿಕಾ ಬ್ಯಾಂಡ್ 1996ರಲ್ಲಿ ಇದನ್ನೇ ಮಾಡಿತಲ್ಲ ಅಂತ ನಿಮ್ಮ ಮಗ ಕೇಳಬಹುದು. ಹೌದು, ಕೂದಲು ಕತ್ತರಿಸಿದರು, ಲೋಗೋದ ಚೂಪು ತೆಗೆದರು, ಸಂಗೀತದ ವೇಗ ಇಳಿಸಿದರು, ಎಲ್ಲಾ ಒಂದೇ ಏಟಿಗೆ. ಹಳೇ ಅಭಿಮಾನಿಗಳು ಇವತ್ತಿಗೂ ಬೈಯುತ್ತಾರೆ. ಆದರೆ ಆ ವರ್ಷ ಬಂದ ಆಲ್ಬಂ ಸೋತಿತು ಅನ್ನುವವರ ಮಾತು ಸುಳ್ಳು, ಅದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಅದಕ್ಕೆ ಐದು ವರ್ಷ ಮೊದಲಿನ ಆಲ್ಬಂ ಕೋಟಿಗಟ್ಟಲೆ ಮಾರಾಟವಾಗಿ ತಂದಿದ್ದ ಬಂಡವಾಳ ಬೆನ್ನಿಗಿತ್ತು, ಆ ಏಟು ತಡೆದುಕೊಂಡಿತು. ಹಾಗಿದ್ದರೂ 2008ರಲ್ಲಿ ಹಳೇ ಚೂಪು ಲೋಗೋವನ್ನೇ ವಾಪಸ್ ತಂದರು. ಹಾಸನದ ಕಾಫಿ ಪುಡಿಗೆ ಹನ್ನೆರಡು ವರ್ಷ ಕಾಯುವಷ್ಟು ಗಂಟು ಇದೆಯಾ?

ಅದೇ ಬ್ಯಾಂಡಿನ ಈಚಿನ ಕೆಲಸ ನನಗೆ ಇಷ್ಟ. 2023ರಲ್ಲಿ ಶುರುವಾದ ಟೂರಿನಲ್ಲಿ ಒಂದೊಂದು ಊರಿನಲ್ಲಿ ಎರಡೆರಡು ರಾತ್ರಿ ನುಡಿಸಿದರು, ಮೊದಲ ರಾತ್ರಿಯ ಒಂದು ಹಾಡೂ ಎರಡನೇ ರಾತ್ರಿ ಇಲ್ಲ. ವೇದಿಕೆ ಅದೇ, ಬಣ್ಣ ಅದೇ, ಹಳೇ ಲೋಗೋ ಅದೇ. ಒಂದು ರಾತ್ರಿಗೆ ಬರುವವರು ಎರಡಕ್ಕೂ ಟಿಕೆಟ್ ತೆಗೆದುಕೊಂಡರು.

ಒಂದು ಎಚ್ಚರಿಕೆ. ನಾವು ಉಳಿದ ಬ್ಯಾಂಡುಗಳನ್ನು ಮಾತ್ರ ನೋಡುತ್ತಿದ್ದೇವೆ. ಒಂದೇ ವೇಷ, ಒಂದೇ ತಾಳ ಹಿಡಿದು ನಿಂತು ಹೆಸರಿಲ್ಲದೆ ಹೋದ ಬ್ಯಾಂಡುಗಳು ಇವರ ನೂರು ಪಟ್ಟು ಇರಬಹುದು. ಬದಲಿಸದೆ ಇದ್ದದ್ದಕ್ಕೇ ಗೆದ್ದರು ಅಂತ ಹೇಳಲಾಗಲ್ಲ. ಹಾಡು ಚೆನ್ನಾಗಿತ್ತು, ಅದಕ್ಕೆ ಜನ ಬಂದರು, ಬಂದವರಿಗೆ ಮತ್ತೆ ಹುಡುಕೋದು ಸುಲಭ ಆಗುವಂತೆ ಗುರುತು ಅಲ್ಲೇ ಇತ್ತು. ಈ ಸಾಲು ತಿರುಗಿಸಿ ಓದಬೇಡಿ. ನಿಮ್ಮ ಪುಡಿ ಇಷ್ಟು ವರ್ಷ ಮಾರಾಟವಾಗಿದೆ ಅಂದರೆ ಮೊದಲಿನ ಅರ್ಧ ಮುಗಿದಿದೆ ಅಂತಲೇ ನಾನು ಅಂದುಕೊಂಡಿದ್ದೇನೆ. ಮಾರಾಟ ನಿಜಕ್ಕೂ ಬೀಳುತ್ತಿದ್ದರೆ ಅದು ಬೇರೆ ಪ್ರಶ್ನೆ, ಆಗ ಪ್ಯಾಕೆಟ್ ಬಿಟ್ಟು ಮೊದಲು ಅಂಗಡಿಗಳಿಗೆ ಹೋಗಿ ನೋಡಿ, ಸ್ಟಾಕ್ ಇದೆಯಾ, ಎದುರಾಳಿಯ ರೇಟು ಎಷ್ಟು, ಅಂಗಡಿಯವರಿಗೆ ಅವರು ಕೊಡುವ ಮಾರ್ಜಿನ್ ಎಷ್ಟು ಅಂತ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ರಿಟನ್ನಿನ ಐಪಿಎ ಅನ್ನುವ ಜಾಹೀರಾತು ಸಂಸ್ಥೆ ವರ್ಷಗಳಿಂದ ಕೂಡಿಟ್ಟ ಪ್ರಕರಣಗಳನ್ನು ಲೆಸ್ ಬಿನೆಟ್ ಮತ್ತು ಪೀಟರ್ ಫೀಲ್ಡ್ ಜಾಲಾಡಿ ಒಂದು ಅಂದಾಜು ಕೊಟ್ಟಿದ್ದಾರೆ: ಜಾಹೀರಾತಿನ ಹಣದಲ್ಲಿ ಸುಮಾರು 60% ಹೆಸರು ಉಳಿಸಿ ಬೆಳೆಸೋದಕ್ಕೆ, 40% ಈಗಲೇ ಕೊಳ್ಳಿ ಅನ್ನುವ ಆಫರುಗಳಿಗೆ. ಇದು ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ, ವ್ಯಾಪಾರದಿಂದ ವ್ಯಾಪಾರಕ್ಕೆ ಬದಲಾಗುತ್ತದೆ. ಆದರೆ ನಮ್ಮ ಸಣ್ಣ ಕಂಪನಿಗಳು ನೂರಕ್ಕೆ ನೂರೂ ಆಫರಿಗೇ ಸುರಿಯುತ್ತವೆ, ಒಂದು ಕೆಜಿಗೆ ಒಂದು ಸ್ಟೀಲ್ ಲೋಟ ಫ್ರೀ, ಮುಂದಿನ ಹಬ್ಬಕ್ಕೆ ಎರಡು. ಲೋಟಕ್ಕೆ ಬಂದವರು ಇನ್ನೊಬ್ಬರ ಬಕೆಟ್ಟಿಗೆ ಹೋಗುತ್ತಾರೆ.

ಮೊಬೈಲ್ ಜಾಹೀರಾತಿನಲ್ಲಿ ಜನರ ಮೇಲೆ ಬೀಳಬೇಡಿ ಅಂತಲೂ ಹುಡುಗರಿಗೆ ಹೇಳಿ. 2014ರಲ್ಲಿ ಯು2 ಬ್ಯಾಂಡಿನ ಹೊಸ ಆಲ್ಬಂ ಅನ್ನು ಆಪಲ್ ಸುಮಾರು 50 ಕೋಟಿ ಐಟ್ಯೂನ್ಸ್ ಖಾತೆಗಳಿಗೆ ಕೇಳದೇನೇ ಹಾಕಿಬಿಟ್ಟಿತು. ಪುಕ್ಕಟೆ ಕೊಟ್ಟರೂ ಜನ ಉಗಿದರು. ತೆಗೆದುಹಾಕೋಕೆ ಆಪಲ್ ಬೇರೆ ಟೂಲೇ ಕೊಡಬೇಕಾಯಿತು, ಹಾಡುಗಾರ ಬೋನೋ ಕ್ಷಮೆ ಕೇಳಿದರು. ದಿನಾ ಬೆಳಿಗ್ಗೆ ಗಿರಾಕಿಗಳ ವಾಟ್ಸಾಪಿಗೆ ಗುಡ್ ಮಾರ್ನಿಂಗ್ ಕಳಿಸುವ ಪ್ಲಾನ್ ಅವರ ಹತ್ತಿರ ಇದ್ದರೆ ಕೈಬಿಡಿಸಿ.

ಈಗ ನೀವು ಮಾಡಬೇಕಾದ್ದು. ನಿಮ್ಮ ಪ್ಯಾಕೆಟ್ಟಿನ ಮೇಲಿನ ಹೆಸರಿಗೆ ಕಾಗದ ಅಂಟಿಸಿ, ನಾಲ್ಕು ಅಂಗಡಿಗಳಲ್ಲಿ ಬೇರೆ ಬ್ರ್ಯಾಂಡುಗಳ ಪಕ್ಕ ಇಡಿ, ಗಿರಾಕಿಗಳನ್ನು ಇದು ಯಾರ ಪುಡಿ ಅಂತ ಕೇಳಿ. ಹೇಳಿದವರನ್ನು ಯಾವುದರಿಂದ ಗೊತ್ತಾಯಿತು ಅಂತ ಕೇಳಿ. ಹೆಚ್ಚಿನವರು ಹಸಿರು ಅಂದರೆ ಹಸಿರಿಗೆ ಕೈ ಹಾಕಬೇಡಿ. ಫಿಲ್ಟರಿನ ಚಿತ್ರ ಅಂದರೆ ಅದಕ್ಕೆ. ಯಾರೂ ಹೇಳದೇ ಇರುವ ಭಾಗ ಇರುತ್ತದೆ, ಅಕ್ಷರದ ಶೈಲಿಯೋ ಹಿಂಭಾಗದ ಹೂವಿನ ಅಂಚೋ, ಅದನ್ನು ಹುಡುಗರಿಗೆ ಬಿಟ್ಟುಕೊಡಿ, ಬೇಕಾದಂತೆ ತಿದ್ದಲಿ. ಆ ಬದಲಾವಣೆಯನ್ನೂ ದೀಪಾವಳಿ ಸೀಸನ್ನಿಗೆ ತರಬೇಡಿ, ವ್ಯಾಪಾರ ಮಂಕಾಗಿರುವ ತಿಂಗಳಲ್ಲಿ ತನ್ನಿ, ಆಮೇಲೆ ಒಂದು ವರ್ಷ ಬೇರೆ ಏನನ್ನೂ ಮುಟ್ಟಬೇಡಿ. ಇನ್‌ಸ್ಟಾಗ್ರಾಮಿನಲ್ಲಿ ಹಸಿರು, ಕೆಂಪು ಪಟ್ಟಿ, ಫಿಲ್ಟರ್ ಮೂರೂ ಪ್ರತಿ ಪೋಸ್ಟಿನಲ್ಲಿ ಇರಲಿ. ಅದರ ಸುತ್ತ ಮಳೆ, ತೋಟದ ಕೊಯ್ಲು, ಪರೀಕ್ಷೆಗೆ ಓದುವ ಮಕ್ಕಳು, ಏನು ಬೇಕಾದರೂ ಬರಲಿ.

ಪ್ರಶ್ನೆಯ ಜೊತೆ ನೀವು ಕಳಿಸಿದ ಫೋಟೋದಲ್ಲಿ ಒಂದು ಮಾತ್ರ ಕಣ್ಣಿಗೆ ಚುಚ್ಚಿತು. ಕಾಫಿ ಇಷ್ಟು, ಚಿಕೋರಿ ಇಷ್ಟು ಅನ್ನುವ ಸಾಲು ಮಡಿಕೆಯೊಳಗೆ ಹೋಗಿದೆ, ಪ್ಯಾಕಿಂಗ್ ತಾರೀಕಂತೂ ಹಸಿರಿನ ಮೇಲೆ ಕಪ್ಪಾಗಿ ಒಂದಕ್ಷರವೂ ಓದೋಕಾಗಲ್ಲ. ಅದನ್ನು ಮುಂದಿನ ಪ್ರಿಂಟಿಗೇ ಸರಿ ಮಾಡಿಸಿ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.